ಹುಳದ ಡಬ್ಬಿ ಹೊತ್ತು ಬಂದವರು

ರಕ್ತ ಕೊಡಿ ಎಂದರೆ ಜನ ತೋಳು ಚಾಚುತ್ತಾರೆ. ಕಫ ಕೊಡಿ ಎಂದರೆ ಅಲ್ಲೇ ಕೆಮ್ಮಿ ಕೊಡುತ್ತಾರೆ. ಆದರೆ ಕೈಗೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಟ್ಟು, ನಾಳೆ ಬೆಳಿಗ್ಗೆ ಇದರಲ್ಲಿ ತನ್ನಿ ಎಂದು ಹೇಳಿದ ಗಳಿಗೆಯಿಂದ ಏನಾದರೊಂದು ನಡೆದೇ ನಡೆಯುತ್ತದೆ. ಮೊದಲು ಸೊರಬದಲ್ಲಿ, ಆಮೇಲೆ ಶಿಕಾರಿಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ನನ್ನ ಅರ್ಧ ಆಯಸ್ಸು ಜನರ ಹೊಟ್ಟೆಯೊಳಗಿನ ಹುಳ ಹುಡುಕುವುದರಲ್ಲೇ ಕಳೆದಿದೆ. ಮನೆಯಲ್ಲಿ ನನ್ನ ಗಂಡ ಊಟದ ಹೊತ್ತಿಗೆ, ಇವತ್ತು ಏನು ಕೆಲಸವಿತ್ತು ಎಂದು ಒಂದು ದಿನವೂ ಕೇಳಿದವರಲ್ಲ. ಕೇಳದಿದ್ದರೇ ಒಳ್ಳೆಯದು ಎಂದು ನಾನೂ ಸುಮ್ಮನಿದ್ದೇನೆ.

ನಗಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಹುಳ ಎಂದರೆ ಜನ ನಗುತ್ತಾರೆ, ಆ ನಗು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಬ್ಬಳು ಸೊಸೆ ಗಂಡನ ಮನೆಯಲ್ಲಿ ಉಳಿಯುತ್ತಾಳೋ, ಮೈಗಳ್ಳಿ ಎನ್ನಿಸಿಕೊಂಡು ತವರಿಗೆ ಹೋಗುತ್ತಾಳೋ ಎಂಬುದು ಇಂಥದೇ ಒಂದು ಡಬ್ಬಿಯ ಮೇಲೆ ನಿಂತಿತ್ತು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಅದಕ್ಕೆ ಮುಂಚೆ, ಆ ಡಬ್ಬಿ ಕೈಗೆ ಬಂದರೆ ಎಂಥವರಿಗೂ ಏನಾಗುತ್ತದೆ ಎಂಬುದು ಗೊತ್ತಾಗಲಿ ಎಂದು ಮೇಷ್ಟ್ರ ಸಂಗತಿ ಮೊದಲು.

ಮೇಷ್ಟ್ರ ಮರ್ಯಾದೆ

ಇದು ಸೊರಬದಲ್ಲಿದ್ದಾಗಿನದು. ನಿವೃತ್ತ ಮೇಷ್ಟ್ರೊಬ್ಬರು ಹೊಟ್ಟೆನೋವೆಂದು ಬಂದರು. ಇಸ್ತ್ರಿ ಮಾಡಿದ ಜುಬ್ಬ, ಮಡಿಕೆ ಮುರಿಯದ ಪಂಚೆ. ಡಾಕ್ಟರು ಹುಳದ ಅನುಮಾನ ಇದೆ ಎಂದು ಅವರನ್ನು ನನ್ನ ಹತ್ತಿರ ಕಳಿಸಿದರು. ನಾನು ಡಬ್ಬಿ ಕೊಟ್ಟೆ. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಜುಬ್ಬದ ಜೇಬಿಗೆ ಇಳಿಸಿದರು.

ಮರುದಿನ ಬರಬೇಕಾದವರು ವಾರ ಕಳೆದರೂ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಳಗಿದ್ದದ್ದು ಹೆಚ್ಚುಕಡಿಮೆ ಬರಿ ನೀರು. ಭೇದಿ ಏನಾದರೂ ಆಗಿದೆಯಾ ಎಂದು ವಿಚಾರಿಸಿದೆ. ಆಗಿಲ್ಲ, ಆಗುವ ಹಾಗೆ ಮಾಡಿಕೊಂಡಿದ್ದೇನೆ ಎಂದರು. ಡಬ್ಬಿ ಕೊಟ್ಟ ದಿನದಿಂದಲೇ ಖಾರ, ಎಣ್ಣೆ, ಬದನೆಕಾಯಿ ಎಲ್ಲ ಬಿಟ್ಟು ಗಂಜಿ ಮಜ್ಜಿಗೆಯಲ್ಲಿದ್ದರಂತೆ. ಹಿಂದಿನ ದಿನ ಹರಳೆಣ್ಣೆ ಕುಡಿದು ಹೊಟ್ಟೆಯನ್ನು ಪೂರ್ತಿ ತೊಳೆದುಕೊಂಡಿದ್ದರು. ಹೀಗೇಕೆ ಮಾಡಿದಿರಿ ಎಂದರೆ ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಮನೆಗೆ ನೆಂಟರು ಬರ್ತಾರೆ ಅಂದ್ರೆ ಗುಡಿಸಿ ಸಾರಿಸಲ್ವೇನಮ್ಮ? ನೀನು ಭೂತಗನ್ನಡಿ ಇಟ್ಟು ನೋಡೋಳು. ಹ್ಯಾಗಿದ್ಯೋ ಹಾಗೇ ತರಕ್ಕಾಗತ್ತಾ?"

ನೋಡಬೇಕಾಗಿದ್ದ ನೆಂಟನನ್ನೇ ನೀವು ಕಸದ ಜೊತೆ ಗುಡಿಸಿ ಹಾಕಿದ್ದೀರಿ, ದಿನಾ ತಿನ್ನುವುದನ್ನೇ ತಿಂದು ಇನ್ನೊಮ್ಮೆ ತನ್ನಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಎರಡನೆಯ ಡಬ್ಬಿಯನ್ನು ಅವರು ಮುಖ ಆ ಕಡೆ ತಿರುಗಿಸಿಕೊಂಡು ಕೊಟ್ಟರು. ಅದರಲ್ಲಿ ಜಂತುಹುಳದ ಮೊಟ್ಟೆಗಳು ಧಾರಾಳವಾಗಿದ್ದವು. ರಿಪೋರ್ಟನ್ನು ಕನ್ನಡಕ ಏರಿಸಿ ಇಳಿಸಿ ಓದಿದರು, ಮಡಚಿದರು, ನನಗೆ ವಾಪಸು ಕೊಟ್ಟರು. "ಹೋದ ಸಲದ್ದು ಚೆನ್ನಾಗಿತ್ತಲ್ಲಮ್ಮ," ಎಂದರು. "ಅದಕ್ಕೇ ರಿಪೋರ್ಟ್ ಬರೆದುಕೊಡು."

ಕುರಿ ನೋಡುವ ಕಣ್ಣು

ಆಮೇಲೆ ನಾನು ಶಿಕಾರಿಪುರಕ್ಕೆ ಬಂದೆ. ಇಲ್ಲಿ ವಯಸ್ಸಾದ ಡಾಕ್ಟರೊಬ್ಬರ ಸಣ್ಣ ಕ್ಲಿನಿಕ್ಕು, ಅದರ ಹಿಂದಿನ ಕೋಣೆ ನನ್ನ ಲ್ಯಾಬು. ಒಂದು ದಿನ ಈಸೂರಿನ ಆಚೆಯ ಹಳ್ಳಿಯಿಂದ ಮೂವರು ಬಂದರು. ಗಂಡ, ಹೆಂಡತಿ, ಅವರ ಸೊಸೆ. ಒಂದಿಷ್ಟು ಹೊಲ, ಒಂದು ಹಿಂಡು ಕುರಿ ಇರುವ ಮನೆ. ಮಗ ಕುರಿ ಹೊಡೆದುಕೊಂಡು ಬಯಲು ಸೀಮೆ ಕಡೆ ಹೋಗಿದ್ದ. ಸೊಸೆ ಸೊರಬದ ಕಡೆಯವಳು, ಇನ್ನೂ ಚಿಕ್ಕ ವಯಸ್ಸು. ಗೋಡೆ ಹಿಡಿದುಕೊಂಡೇ ಒಳಗೆ ಬಂದಳು.

ಮಾತೆಲ್ಲ ಅತ್ತೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಎರಡು ಕೊಡ ಹೊತ್ತುಕೊಂಡು ಓಡಾಡುತ್ತಿದ್ದವಳು, ಈಗ ಶುಂಠಿ ಹೊಲದಲ್ಲಿ ಒಂದು ಸಾಲು ಕಳೆ ಕಿತ್ತು ಬದುವಿನ ಮೇಲೆ ಕೂತರೆ ಏಳುವುದೇ ಇಲ್ಲವಂತೆ. ರೊಟ್ಟಿ ತಟ್ಟುತ್ತಾ ನಿದ್ದೆ ಹೋಗುತ್ತಾಳಂತೆ. ಊರವರೆಲ್ಲ ಆಡಿಕೊಳ್ಳುತ್ತಿದ್ದಾರಂತೆ. ಕೊನೆಗೆ ಆಕೆ ಬಂದ ಕೆಲಸ ಹೇಳಿದಳು.

"ರೋಗ ಐತೆ ಅಂದ್ರೆ ಔಷಧಿ ಕೊಡ್ರಿ. ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡ್ರಿ. ಸೊರಬದ ಬಸ್ ಹತ್ತಿಸ್ಕೊಂಡು ಹೋಗಿ ಅವರಪ್ಪನ ಮನಿಗೆ ಬಿಟ್ಟು ಬರ್ತೀವಿ. ಮೈಗಳ್ಳತನಕ್ಕೆ ನಿಮ್ಮಲ್ಲಿ ಗುಳಿಗೆ ಇಲ್ಲವಲ್ಲ."

ಹುಡುಗಿ ನೆಲ ನೋಡುತ್ತಾ ಕೂತಿದ್ದಳು. ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಬಹುಶಃ ಅವಳಿಗೂ ತಾನು ಮೈಗಳ್ಳಿಯೇ ಇರಬಹುದು ಎಂದು ಅನ್ನಿಸಿಬಿಟ್ಟಿತ್ತು.

ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ಹೊಲಕ್ಕೆ ಹೋಗುವಾಗ ಚಪ್ಪಲಿ ಹಾಕುತ್ತೀಯಾ ಎಂದು ಕೇಳಿದರು. ಉತ್ತರ ಮಾವನಿಂದ ಬಂತು. ಹೊಲದವರೆಗೆ ಹಾಕಿಕೊಂಡು ಹೋಗಿ ಬದುವಿನ ಮೇಲೆ ಬಿಡುತ್ತೇವೆ, ಅನ್ನ ಕೊಡುವ ಭೂಮಿತಾಯಿಯನ್ನು ಚಪ್ಪಲಿ ಕಾಲಲ್ಲಿ ತುಳಿಯಲಾಗುತ್ತದೆಯೇ ಎಂದ. ಡಾಕ್ಟರು ತಲೆ ಅಲ್ಲಾಡಿಸಿ, ಆ ಹಸಿ ಮಣ್ಣಿನಲ್ಲೇ ಕೊಕ್ಕೆಹುಳದ ಮರಿ ಇರುತ್ತದೆ, ಅದು ಅಂಗಾಲು ಕೊರೆದು ಒಳಹೊಕ್ಕು ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ ಎಂದು ವಿವರಿಸಿದರು. ಅತ್ತೆ ಒಪ್ಪಲಿಲ್ಲ. ಹುಳ ಆಗುವುದು ಬೆಲ್ಲ ತಿನ್ನುವ ಮಕ್ಕಳಿಗೆ, ಗಂಡ ಕಟ್ಟಿಕೊಂಡವರಿಗೆ ಎಲ್ಲಿಯ ಹುಳ ಎಂಬುದು ಆಕೆಯ ವಾದ. ಹುಳ ಸಿಕ್ಕರೆ ಇಟ್ಟುಕೊಳ್ಳುತ್ತೇನೆ, ಸಿಗದಿದ್ದರೆ ಬಸ್ಸು ಎಂದು ಅಲ್ಲೇ ತೀರ್ಮಾನ ಹೇಳಿದಳು. ಡಾಕ್ಟರು ಪರೀಕ್ಷೆಯಿಲ್ಲದೆಯೂ ಗುಳಿಗೆ ಕೊಡಬಹುದಿತ್ತು. ಆದರೆ ಗುಳಿಗೆಯಿಂದ ಹುಳ ಹೋಗುತ್ತದೆಯೇ ಹೊರತು ಹತ್ತಿದ ಹೆಸರು ಹೋಗುವುದಿಲ್ಲ. ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೇ ಬೇಕಿತ್ತು. ಅವಳ ರಕ್ತ ತೆಗೆದುಕೊಂಡೆ. ಅದು ನೋಡುವುದಕ್ಕೇ ತೆಳ್ಳಗಿತ್ತು. ಡಬ್ಬಿಯನ್ನು ಕೈಗೆ ಕೊಟ್ಟೆ.

ಹೊರಗೆ ಜಗುಲಿಗೆ ಬಂದ ಮೇಲೆ ಮಾವ ನಿಂತುಬಿಟ್ಟ. ಸೊಸೆಯನ್ನು ಮಾವ ಮುಟ್ಟುವ ಹಾಗಿಲ್ಲ. ಆದ್ದರಿಂದ, ಅವಳನ್ನು ಬಿಸಿಲಿಗೆ ನಿಲ್ಲಿಸಿ ರೆಪ್ಪೆಯನ್ನು ಇನ್ನೊಂದು ಸಲ ಕೆಳಗೆಳೆಯಿರಿ ಎಂದು ನನಗೆ ಹೇಳಿದ. ಎಳೆದೆ. ಒಳಗೆ ಸುಣ್ಣ ಬಳಿದ ಹಾಗಿತ್ತು. ಕುರಿ ಸಾಕುವವರು ಹುಳ ಬಿದ್ದಿದೆಯೇ ಎಂದು ನೋಡುವುದು ಇದೇ ರೀತಿಯಲ್ಲಿ, ಕಣ್ಣಿನ ಒಳಗು ಕೆಂಪಗಿದ್ದರೆ ಸರಿ, ಬೆಳ್ಳಗಿದ್ದರೆ ಔಷಧಿ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದ. "ಇದು ನಮ್ಮ ಕುರಿ ಆಗಿದ್ರೆ ಹೋದ ತಿಂಗಳೇ ಔಷಧಿ ಕುಡಿಸ್ತಿದ್ದೆ ಮೇಡಂ."

ಟೇಲರ್ ಹಾಕಿದ ಬಂದೋಬಸ್ತು

ಮರುದಿನ ಆ ಡಬ್ಬಿ ಬರುತ್ತದೆಂದು ನಾನು ಕಾಯುತ್ತಾ ಕೂತಿದ್ದೆ. ಬಂದದ್ದು ಶಿರಾಳಕೊಪ್ಪದ ಟೇಲರೊಬ್ಬರು. ಶಾಲೆಗೆ ಹೋಗುವ ಅವರ ಸಣ್ಣ ಮಗಳಿಗೆ ಹಿಂದುಗಡೆ ತುರಿಕೆ, ನಿದ್ದೆಯಿಲ್ಲ. ಇದು ಬೇರೆ ಜಾತಿಯ ಹುಳ, ದಾರದ ಚೂರಿನಷ್ಟು ಸಣ್ಣದು. ಕರುಳಿನಿಂದ ಹೊರಬಂದು ದ್ವಾರದ ಸುತ್ತ ಮೊಟ್ಟೆ ಇಡುತ್ತದೆ. ಇದಕ್ಕೆ ಡಬ್ಬಿ ಬೇಡ. ಬೆಳಿಗ್ಗೆ ಎದ್ದ ತಕ್ಷಣ, ತೊಳೆಯುವ ಮುಂಚೆ, ಪಾರದರ್ಶಕ ಟೇಪನ್ನು ಅಲ್ಲಿ ಒತ್ತಿ ತೆಗೆದು ಗಾಜಿಗೆ ಅಂಟಿಸಿದರೆ ಮೊಟ್ಟೆ ಕಾಣುತ್ತವೆ. ಟೇಪು, ಗಾಜು ಎರಡನ್ನೂ ಕೊಟ್ಟು, ಒತ್ತಬೇಕು, ಆಮೇಲೆ ತನ್ನಿ ಎಂದು ಹೇಳಿ ಕಳಿಸಿದೆ.

ಮಾರನೆಯ ದಿನ ಅವರು ಮಗಳನ್ನು ಎತ್ತಿಕೊಂಡು ಬಂದರು. ಮಗು ಅಳುತ್ತಿತ್ತು, ಕೂರಿಸಿದರೆ ಕೂರಲಿಲ್ಲ. ಗಾಜು ಖಾಲಿಯಿತ್ತು. ಟೇಪು ಎಲ್ಲಿ ಎಂದರೆ ಮಗುವನ್ನು ತೋರಿಸಿದರು. ಬಟ್ಟೆ ಸರಿಸಿ ನೋಡಿದೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಎಲ್ಲೂ ಸುಕ್ಕಿಲ್ಲದ ಹಾಗೆ ಒತ್ತಿ ಒತ್ತಿ ಅಂಟಿಸಿದ್ದರು. ಕಸುಬು ಗೊತ್ತಿದ್ದವರ ಕೈಕೆಲಸ. ಬಿಸಿನೀರು ಹಚ್ಚಿ, ಮಗುವಿಗೆ ಬಿಸ್ಕತ್ತು ಕೊಟ್ಟು, ಅದನ್ನು ಒಂದೊಂದೇ ಎಳೆಯಾಗಿ ಬಿಡಿಸುವುದರಲ್ಲಿ ಬೆಳಗಿನ ಕೆಲಸವೆಲ್ಲ ನಿಂತಿತು. ತಮಾಷೆಯೆಂದರೆ, ಅಷ್ಟೂ ಟೇಪಿನ ಮೇಲೆ ಮೊಟ್ಟೆ ಬೇಕಾದಷ್ಟು ಸಿಕ್ಕವು. ಇಷ್ಟೊಂದು ಏಕೆ ಅಂಟಿಸಿದಿರಿ ಎಂದು ಕೊನೆಗೆ ಕೇಳಿದೆ. ಅವರು ನಾನೇ ತಪ್ಪು ಮಾಡಿದೆನೆಂಬಂತೆ ನನ್ನನ್ನು ನೋಡಿದರು.

"ಹುಳ ಹೊರಗೆ ಬಂದು ಮೊಟ್ಟೆ ಇಡತ್ತೆ ಅಂತ ನೀವೇ ಹೇಳಿದ್ರಿ ಮೇಡಂ. ಅದಕ್ಕೇ ಬಾಗ್ಲು ಹಾಕ್ದೆ."

ಕಕ್ಕಸಿನ ಒಕ್ಕಲು

ಈಸೂರಿನ ಕಡೆಯ ಡಬ್ಬಿ ಬರಲೇ ಇಲ್ಲ. ರಕ್ತದ ರಿಪೋರ್ಟ್ ಮಾತ್ರ ಸಿದ್ಧವಾಗಿತ್ತು. ಅದನ್ನು ನೋಡಿ ಡಾಕ್ಟರು ಈ ಹುಡುಗಿ ನಿಂತಿರುವುದೇ ಹೆಚ್ಚು ಎಂದರು. ನನಗೆ ಒಂದೇ ಚಿಂತೆ. ಸೊರಬದ ಬಸ್ಸು ಹತ್ತಿಸಿಯೇಬಿಟ್ಟರೋ ಏನೋ. ಮೈಗಳ್ಳಿ ಎಂದು ವಾಪಸು ಬಂದ ಹುಡುಗಿಯನ್ನು ತವರಿನಲ್ಲಿ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಬುದ್ಧಿ ಹೇಳುವವರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಸಂತೆಗೆ ಬಂದ ಮಾವ ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತು, ತೊಳೆದು ಹೊಳೆಯುತ್ತಿದ್ದ ಖಾಲಿ ಡಬ್ಬಿ ತೋರಿಸಿದ. ಸೊಸೆಗೆ ನಾಚಿಕೆಯಂತೆ. ಬೆಳಕು ಹರಿಯುವ ಮುಂಚೆ ಹೆಂಗಸರೆಲ್ಲ ಗುಂಪಾಗಿ ಹಳ್ಳದ ಕಡೆ ಹೋಗುತ್ತಾರೆ, ಅವರೆದುರು ಡಬ್ಬಿ ಹಿಡಿದು ಕೂರುವುದು ಹೇಗೆ ಎಂದು ಹಾಗೇ ವಾಪಸು ತರುತ್ತಾಳಂತೆ. ನಿಮ್ಮ ಮನೆಯಲ್ಲಿ ಕಕ್ಕಸು ಇಲ್ಲವೇ ಎಂದೆ. ಇದೆ, ಸರ್ಕಾರದ ದುಡ್ಡಲ್ಲಿ ಕಟ್ಟಿಸಿದ್ದೇವೆ, ಟೈಲ್ಸ್ ನೆಲ, ಕಬ್ಬಿಣದ ಬಾಗಿಲು ಎಂದು ಹೆಮ್ಮೆಯಿಂದ ಹೇಳಿದ. ಹಾಗಾದರೆ ಅದರಲ್ಲಿ ಹೋಗಲಿ ಎಂದೆ. ಅವನು ಗಂಟಲು ಸರಿಮಾಡಿಕೊಂಡ. ಚಿರತೆ ಕಾಟದ ದೆಸೆಯಿಂದ ಎಳೆಯ ಕುರಿಮರಿಗಳನ್ನೆಲ್ಲ ಅದರೊಳಗೆ ಕೂಡಿದ್ದಾರಂತೆ. ಗಟ್ಟಿ ಬಾಗಿಲಿರುವ ಜಾಗ ಮನೆಯಲ್ಲಿ ಅದೊಂದೇ.

ನನಗೆ ತಡೆಯಲಾಗಲಿಲ್ಲ. ಕುರಿಮರಿ ಒಳಗೆ, ಮನೆಯ ಹೆಂಗಸರು ಹಳ್ಳದಲ್ಲಿ, ಆ ಹಳ್ಳದ ಬಯಲಿನಿಂದಲೇ ಹುಳದ ಮೊಟ್ಟೆ ಮಣ್ಣಿಗೆ ಸೇರಿ ನಿಮ್ಮ ಕಾಲಿಗೆ ಹತ್ತುವುದು ಎಂದು ಜೋರಾಗಿಯೇ ಹೇಳಿದೆ. ನಾಳೆ ಒಂದು ಬೆಳಿಗ್ಗೆ ಆ ಹುಡುಗಿಗೆ ಬಾಗಿಲು ಬಿಡಿಸಿಕೊಡಿ ಎಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಒಪ್ಪಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಕೇಳಿದ. "ಅವಳೊಬ್ಬಳೇ ಅಲ್ವೇನ್ರಿ ಮೇಡಂ, ಒಂದೆರಡು ಮರಿ ಜೊತೆಗೇ ಇದ್ರೆ ನಡೀತೈತಾ?"

ಒಂದೇ ಒಲೆಯ ಅನ್ನ

ಮುಂದಿನ ವಾರದ ಮೊದಲ ದಿನವೇ ಮೂವರೂ ಬಂದರು. ಡಬ್ಬಿ ಅತ್ತೆಯ ಕೈಯಲ್ಲಿತ್ತು, ಎರಡು ಪ್ಲಾಸ್ಟಿಕ್ ಚೀಲದೊಳಗೆ, ಬಾಯಿಗೆ ರಬ್ಬರ್ ಹಾಕಿ. ಅದರ ಮೇಲೆ ನಾನೇ ಅಂಟಿಸಿದ್ದ ಸೊಸೆಯ ಹೆಸರು. ಮೊದಲ ದಿನ ಹುಳವೇ ಇಲ್ಲ ಎಂದವಳು ಈಗ ತಾನೇ ಮುಂದೆ ನಿಂತು, ಬೇಗ ನೋಡಿ ಹೇಳಿಬಿಡ್ರಿ, ಸಂಜೆ ಸೊರಬದ ಬಸ್ಸು ತಪ್ಪಬಾರದು ಎಂದಳು. ಸೊಸೆಯ ಬಟ್ಟೆಯ ಗಂಟನ್ನೂ ಜೊತೆಗೇ ತಂದಿದ್ದರು.

ಚೂರು ತೆಗೆದು, ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಮೊದಲ ನೋಟಕ್ಕೇ ಕಂಡವು. ಗಾಜಿನಂಥ ತೆಳ್ಳನೆಯ ಸಿಪ್ಪೆ, ಒಳಗೆ ಒತ್ತಾಗಿ ಕೂತ ಗುಂಡುಗಳು. ಕೊಕ್ಕೆಹುಳದ ಮೊಟ್ಟೆ. ಗಾಜು ಎತ್ತ ಸರಿಸಿದರೂ ಅವೇ. ಹುಳ ಕಂಡು ಸಂತೋಷಪಡುವ ಹೆಂಗಸು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ದೇವರೇ ಬದುಕಿಸಿದೆ ಎಂದುಕೊಂಡು ಓಡಿಹೋಗಿ ಡಾಕ್ಟರಿಗೆ ಹೇಳಿದೆ.

ಅವರು ಮೂವರನ್ನೂ ಕೂರಿಸಿ, ಹುಳ ಇದೆ, ಸಾಧಾರಣವಲ್ಲ, ತುಂಬಾ ಇದೆ ಎಂದರು. ಈ ಸ್ಥಿತಿಯಲ್ಲಿ ಮನೆಗೆಲಸ ಹೊಲಗೆಲಸ ಎರಡನ್ನೂ ಮಾಡುವವಳು ಮೈಗಳ್ಳಿಯಲ್ಲ, ಗಟ್ಟಿಗಿತ್ತಿ ಎಂದರು. ಅತ್ತೆಯ ಬಣ್ಣ ಇಳಿಯಿತು. ನನ್ನ ಕಡೆ ತಿರುಗಿ, ಸರಿಯಾಗಿ ನೋಡಿದ್ದೀರಾ ಎಂದಳು. ಸಿಟ್ಟಿನಿಂದ ಅವಳನ್ನೇ ಒಳಗೆ ಕರೆದುಕೊಂಡು ಹೋಗಿ, ಕಣ್ಣಿಟ್ಟು ನೀವೇ ನೋಡಿ ಎಂದೆ. ಬಗ್ಗಿ ನೋಡಿದಳು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಇವೆಲ್ಲಾ ಆ ಡಬ್ಬಿಯವೇ ಏನ್ರಿ?"

ಹೌದು ಎಂದೆ. ಸುಮ್ಮನೆ ಹೋಗಿ ಬೆಂಚಿನ ಮೇಲೆ ಕೂತಳು.

ಡಾಕ್ಟರು ಸೊಸೆಗೆ ಹುಳದ ಗುಳಿಗೆ, ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಸೊಸೆಗೆ ಚಪ್ಪಲಿ ಕೊಡಿಸುತ್ತೇನೆ, ಭೂಮಿತಾಯಿ ಕ್ಷಮಿಸುತ್ತಾಳೆ ಎಂದ ಮಾವ. ಬಟ್ಟೆ ಗಂಟನ್ನು ತಾನೇ ಎತ್ತಿಕೊಂಡು ಊರಿನ ಬಸ್ಸಿಗೆ ಹೊತ್ತಾಯಿತು ನಡೀರಿ ಎಂದ. ಹುಡುಗಿ ಎದ್ದಳು. ಅತ್ತೆ ಏಳಲಿಲ್ಲ. ಕರೆದರೂ ಏಳಲಿಲ್ಲ. ಸೋತ ಸಿಟ್ಟು ಎಂದು ನಾನು ಅಂದುಕೊಂಡೆ. ಆಮೇಲೆ ನೋಡಿದರೆ ಆಕೆ ಹೆದರಿ ಕೂತಿದ್ದಳು.

"ಡಾಕ್ಟ್ರೇ," ಎಂದಳು. "ಆ ಡಬ್ಬಿ ನಂದು."

ಯಾರಿಗೂ ಅರ್ಥವಾಗಲಿಲ್ಲ. ಆಕೆ ಸೆರಗಿನ ತುದಿ ಹಿಂಡುತ್ತಾ ಬಿಡಿಸಿ ಹೇಳಿದಳು. ಕಕ್ಕಸಿನ ಬಾಗಿಲು ಬಿಡಿಸಿಕೊಟ್ಟರೂ ಮರಿಗಳು ಹೊರಗಿನಿಂದ ಕಿರುಚಾಡಿದ್ದಕ್ಕೆ ಹುಡುಗಿ ಬರಿ ಡಬ್ಬಿ ಹಿಡಿದು ಬಂದಳಂತೆ. ಆ ಖಾಲಿ ಡಬ್ಬಿಗೆ ಅತ್ತೆ ತನ್ನದನ್ನೇ ತುಂಬಿಕೊಂಡು ಬಂದಿದ್ದಳು.

"ಒಂದೇ ಒಲೆ ಅನ್ನ ಉಂಡೋರು, ಯಾರದಾದ್ರೇನು ಅಂದ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ, ನಾನು ಗಟ್ಟಿ ಇದೀನಿ, ನಂದ್ರಾಗ ಹುಳ ಸಿಗಲ್ಲ, ಇಲ್ಲ ಅಂತ ಬಂದ್ರೆ ಇವಳನ್ನ ಬಿಟ್ಟು ಬರಬೌದು ಅಂತಾನೂ ಇತ್ತು."

ಹುಳ ಒಲೆಯಿಂದ ಬರುವುದಲ್ಲ, ಹೊಲದಿಂದ ಬರುವುದು, ಇಬ್ಬರದೂ ಬರಿಗಾಲೇ ಎಂದು ಡಾಕ್ಟರು ನಿಧಾನವಾಗಿ ಹೇಳಿದರು. ಗದರಲಿಲ್ಲ. ನಾಳೆ ಸೊಸೆಯದನ್ನು ಬೇರೆ ಡಬ್ಬಿಯಲ್ಲಿ ತನ್ನಿ, ಆಮೇಲೆ ಮನೆಯವರೆಲ್ಲ ಗುಳಿಗೆ ನುಂಗಿ ಎಂದರು. ಅದರಲ್ಲೂ ಅಷ್ಟೇ ಮೊಟ್ಟೆ ಸಿಕ್ಕವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಡಾಕ್ಟರು ಆಕೆಗೆ, ನಿನಗೆ ಸುಸ್ತು ಆಗುವುದಿಲ್ಲವೇ ಎಂದು ಕೇಳಿದರು.

ಇಂಥ ಪ್ರಶ್ನೆಯನ್ನು ಯಾರೂ ಆಕೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ. "ನಮ್ಮತ್ತೆ ಇದ್ದಾಗಿಂದ ಐತ್ರಿ," ಎಂದಳು. "ಕೂತ್ರೆ ಬೈತಿದ್ಲು. ಹೆಂಗಸು ಅಂದಮ್ಯಾಲೆ ಎಲ್ಲರಿಗೂ ಹಿಂಗೇ ಇರ್ತೈತೆ ಅಂದ್ಕೊಂಡಿದ್ದೆ." ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅಷ್ಟು ಹೊತ್ತು ಶತ್ರುವಿನಂತೆ ಕಂಡವಳ ಕೈಗೆ ಒಂದು ಲೋಟ ನೀರು ಕೊಟ್ಟೆ.

ಮಾವ ಗಂಟು ಹೊತ್ತು ಬಾಗಿಲಲ್ಲೇ ನಿಂತಿದ್ದ. ಆಗ, ಮೊದಲ ದಿನದಿಂದ ನಮ್ಮೆದುರು ಒಂದಕ್ಷರ ಆಡಿರದ ಆ ಹುಡುಗಿ ಅವನ ಕಡೆ ತಿರುಗಿ ತೀರಾ ಸಾಮಾನ್ಯ ದನಿಯಲ್ಲಿ ವಿಚಾರಿಸಿದಳು.

"ಹಂಗಾರೆ ಮಾವ, ಅತ್ತೆನ ಅವರ ತವರಿಗೆ ಯಾವಾಗ ಬಿಟ್ಟು ಬರೋದು?"

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಮಾವ ಸೂರು ನೋಡಿದ. ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ, ಹೊಸದಾಗಿ ಕಂಡವಳಂತೆ ದಿಟ್ಟಿಸಿದಳು. ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

"ನನ್ನ ತವರಾಗ ಈಗ ಯಾರದಾರೆ," ಎಂದಳು. "ನೀನೇ ಇಟ್ಕೋಬೇಕು."